ಮೂವತ್ತೊಂದರ ಮರಿ

ಚಳಿ ಇನ್ನೂ ಬಿಟ್ಟಿರಲಿಲ್ಲ. ಕುರಿಗಳು ಈಯುವ ಕಾಲ ಶುರುವಾಗಿ ಹದಿನೆಂಟು ದಿನವಾಗಿತ್ತು. ಬೆಳಗಿನ ಏಳು ಗಂಟೆಗೆ ಕುರಿಮಾಮ ಉದ್ದನೆಯ ಶೆಡ್ಡಿನ ಒಂದು ತುದಿಯಿಂದ ಹಿಡಿದು ಒಂದೊಂದೇ ಗೂಡಿನ ಒದ್ದೆ ಹುಲ್ಲನ್ನು ಎತ್ತಿ ತಳ್ಳುಗಾಡಿಗೆ ಹಾಕುತ್ತ, ಒಣಹುಲ್ಲು ಹರಡುತ್ತ ಬರುತ್ತಿದ್ದ. ಬಗ್ಗಿದಾಗಲೆಲ್ಲ ಎಡ ಮೊಣಕಾಲು ಕಟಕ್ಕೆನ್ನುತ್ತಿತ್ತು. ಅವನಿಗೆ ಹೆಸರು ಬೇರೆಯೇ ಇತ್ತು. ಆದರೆ ಈ ಸಂಶೋಧನಾ ಕೇಂದ್ರಕ್ಕೆ ಸೇರಿದ ವಾರದೊಳಗೆ ಯಾರೋ ಕುರಿಮಾಮ ಅಂದರು, ಅದೇ ಅಂಟಿಕೊಂಡಿತು. ಈಗ ಗುಮಾಸ್ತ ರಿಜಿಸ್ಟರು ನೋಡಿ ನಿಜ ಹೆಸರು ಕೂಗಿದರೆ ಅವನಿಗೇ ತುಸು ತಡವಾಗಿ ಹೊಳೆಯುತ್ತಿತ್ತು. ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು, ಅದೂ ವಾಸನೆಯಿಲ್ಲದ ಸೋಪು. ಅಂಥದ್ದೊಂದು ಸೋಪು ಇರುತ್ತದೆಂದು ಇಲ್ಲಿಗೆ ಬರುವ ಮೊದಲು ಅವನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಮಂದೆಯ ಹಿಂದೆ ತಿರುಗಿದ ಕೈ. ತೊಳೆದು ತೊಳೆದು ಬೆರಳ ಸಂದಿಯೆಲ್ಲ ಬಿರಿದಿತ್ತು. ಗೋಡೆಯ ಮೇಲೆ ಪಟ್ಟಿ ಇತ್ತು. ಇಪ್ಪತ್ತಾರು ಕುರಿಗಳ ಸಂಖ್ಯೆ. ಮೊದಲ ಹನ್ನೊಂದರ ಮುಂದೆ ಕೆಂಪು ಗೆರೆ. ಪಟ್ಟಿ ಇರುವ ಕಡೆ ಮುಖ ಮಾಡದೆ ಕೆಲಸ ಮುಗಿಸುವುದನ್ನು ಅವನು ಕಲಿತುಕೊಂಡಿದ್ದ. ಆದರೂ ತೊಟ್ಟಿಯ ನೀರಿನಲ್ಲಿ ಕೈ ಅದ್ದಿದಾಗ ಹನ್ನೆರಡು ಅಂತ ಮನಸ್ಸು ತಾನೇ ಹೇಳಿಬಿಟ್ಟಿತು.

ಎಂಟು ಗಂಟೆಗೆ ಹನ್ನೆರಡನೆಯದು. ನಿನ್ನೆ ಸಂಜೆ ಎಂಟಕ್ಕೆ ಹುಟ್ಟಿದ ಮರಿ. ತಾಯಿ ತಿರುಗಿ ಮೂಸುವ ಮೊದಲೇ ಅದನ್ನು ಬಟ್ಟೆಯಲ್ಲಿ ಹಿಡಿದು ಆಚೆ ಕೋಣೆಯ ಬೆಚ್ಚನೆಯ ಪೆಟ್ಟಿಗೆಗೆ ಹಾಕಿದವನು ಅವನೇ. ಹನ್ನೆರಡು ಗಂಟೆ ಮರಿ ಅಲ್ಲಿ, ತಾಯಿ ಇಲ್ಲಿ. ನಡುವೆ ಮರಿಯ ಮೊದಲ ಕೂಗನ್ನು ಹಿಡಿದಿಟ್ಟುಕೊಂಡು ತಾಯಿಯ ಗೂಡಿನ ಮೇಲಿನ ಸ್ಪೀಕರು ಮತ್ತೆ ಮತ್ತೆ ಹೇಳುತ್ತದೆ. ಮುಟ್ಟದೆ, ನೆಕ್ಕದೆ, ಬರೀ ದನಿ ಕೇಳಿಯೇ ತಾಯಿ ತನ್ನ ಮರಿಯನ್ನು ತನ್ನದೆಂದು ಇಟ್ಟುಕೊಳ್ಳುತ್ತಾಳೆಯೇ ಎಂಬುದು ಈ ಪ್ರಯೋಗ ನಡೆಸುವ ಡಾಕ್ಟರಮ್ಮನ ಪ್ರಶ್ನೆ. ಹೋದ ವರ್ಷ ಮೂವತ್ತೊಂದನೆಯ ಸಂಖ್ಯೆಯ ಕುರಿ ಹಾಗೆ ಇಟ್ಟುಕೊಂಡಿತ್ತು. ಅದು ದೊಡ್ಡ ಸುದ್ದಿಯಾಗಿ ಅಚ್ಚಾಯಿತು. ಅದನ್ನು ಮತ್ತೆ ಸಾಬೀತು ಮಾಡಲೆಂದೇ ಈ ವರ್ಷದ ಇಪ್ಪತ್ತಾರು.

ಅವನು ಮರಿಯನ್ನು ಗೂಡಿನೊಳಗೆ ಇಟ್ಟು ಹಿಂದೆ ಸರಿದ. ಮರಿ ನಿಂತಿತು, ಬಿದ್ದಿತು, ನಿಂತಿತು. ಕೆಚ್ಚಲು ಎಲ್ಲಿದೆಯೆಂದು ಯಾರೂ ಹೇಳಿಕೊಟ್ಟಿರದಿದ್ದರೂ ಮೂತಿ ಮೇಲೆತ್ತಿಕೊಂಡು ಆ ಕಡೆಗೇ ಹೋಯಿತು. ತಾಯಿ ಒಮ್ಮೆ ಮೂಸಿತು, ಬಾಲದ ಬುಡದಲ್ಲಿ ಇನ್ನೊಮ್ಮೆ ಮೂಸಿತು. ಕುರಿಮಾಮನಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಕಿವಿ ಹಿಂದಕ್ಕೆ ಮಲಗಿದ್ದನ್ನು ನೋಡಿದವನಿಗೆ ಮುಂದಿನದನ್ನು ನೋಡಬೇಕಾಗಿರಲಿಲ್ಲ. ಗುದ್ದಿದ ಗುದ್ದಿಗೆ ಮರಿ ಸರಳಿಗೆ ಬಡಿದು ಬಿತ್ತು. ಎದ್ದು ಮತ್ತೆ ಅಲ್ಲಿಗೇ ಹೋಯಿತು. ನಿಯಮ ಹತ್ತು ನಿಮಿಷ. ಹತ್ತು ನಿಮಿಷ ಯಾರೂ ಕೈ ಹಾಕಕೂಡದು. ಗಾಜಿನ ಆಚೆ ಡಾಕ್ಟರಮ್ಮ ಗಡಿಯಾರ ಹಿಡಿದು ನಿಂತಿದ್ದರು, ತುಟಿ ಕಚ್ಚಿಕೊಂಡು. ಅವರಿಗೇನು ಕಲ್ಲುಮನಸ್ಸಲ್ಲ, ಅದು ಅವನಿಗೆ ಗೊತ್ತು. ಹನ್ನೊಂದನೆಯದರ ದಿನ ಅವರು ಮಧ್ಯಾಹ್ನ ಊಟ ಮಾಡಿರಲಿಲ್ಲ. ಎಂಟು ಗುದ್ದು ಅವನು ಎಣಿಸಿದ. ಒಂಬತ್ತನೆಯದಕ್ಕೆ ಮರಿ ಏಳಲಿಲ್ಲ; ಮಲಗಿದಲ್ಲಿಂದಲೇ ಕತ್ತು ಎತ್ತಿ ತಾಯಿಯ ಕಡೆ ಮೂತಿ ತೋರಿಸಿತು. ಹಾಯುವ ತಾಯಿಗೇ ಅಂಟಿಕೊಳ್ಳುವ ಈ ಬುದ್ಧಿ ಯಾರು ಕೊಟ್ಟದ್ದು ಎಂದುಕೊಂಡ. ಅವನ ಮಗಳು ಹೀಗಿರಲಿಲ್ಲ. ನಾಲ್ಕು ತಿಂಗಳು ಮಂದೆಯ ಜತೆ ಹೊರಗಿದ್ದು ಮನೆಗೆ ಬಂದರೆ ಕೂಸು ಅವನ ಮೈಯ ವಾಸನೆಗೆ ಚಿಟ್ಟನೆ ಚೀರುತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಸ್ನಾನ ಮಾಡಿಕೊಂಡು ಬನ್ನಿ, ನಿಮ್ಮ ಮಗಳಿಗೆ ಅಪ್ಪ ಬೇಕಂತೆ, ಟಗರು ಬೇಡವಂತೆ, ಎನ್ನುತ್ತಿದ್ದಳು. ಸ್ನಾನ ಮಾಡಿ ಬಂದರೂ ಕೂಸು ಅವನ ಹತ್ತಿರ ಬರುತ್ತಿರಲಿಲ್ಲ. ಎರಡು ದಿನ ದೂರದಿಂದ ನೋಡುತ್ತಿತ್ತು. ಮೂರನೆಯ ದಿನ ಬರುವ ಹೊತ್ತಿಗೆ ಅವನು ಹೊರಡಬೇಕಾಗುತ್ತಿತ್ತು.

ಹತ್ತು ನಿಮಿಷ ಮುಗಿದು ಡಾಕ್ಟರಮ್ಮ ಒಳಗೆ ಬಂದರು. ಮರಿಯನ್ನು ಅವನು ಎತ್ತಿಕೊಂಡಿದ್ದ. ಪಕ್ಕೆಲುಬಿನ ಮೇಲೆ ಬೆರಳಿಟ್ಟರೆ ಒಳಗೆ ಮುರಿದ ಕಡ್ಡಿಯ ಹಾಗೆ ಸದ್ದು. ಸ್ಪೀಕರಿನಲ್ಲೇ ಏನೋ ದೋಷವಿರಬೇಕು, ಹೋದ ವರ್ಷದ್ದು ಹಳೆಯ ಸ್ಪೀಕರು, ಅದರ ದನಿ ತುಸು ಒರಟಾಗಿತ್ತು, ಬಹುಶಃ ಆ ಒರಟಿನಲ್ಲೇ ಗುಟ್ಟಿದೆ, ಅದನ್ನೇ ಹುಡುಕಿಸಿ ತರಿಸುತ್ತೇನೆ, ಎಂದೆಲ್ಲ ಅವರು ಅರ್ಧ ತಮಗೆ ಅರ್ಧ ಅವನಿಗೆ ಹೇಳಿದರು. ಆಮೇಲೆ, ಪ್ರತಿಸಲದ ಹಾಗೆ, ಕೇಳಿದರು.

"ಮಾಮ, ಅವತ್ತು ಮೂವತ್ತೊಂದರ ಹತ್ರ ನೀವೊಬ್ರೇ ಇದ್ರಿ. ಏನಾದ್ರೂ ಬೇರೆ ಥರ ಮಾಡಿದ್ರಾ? ಎಷ್ಟೇ ಸಣ್ಣದಾಗಿರ್ಲಿ. ನೆನಪು ಮಾಡ್ಕೊಳ್ಳಿ."

"ಏನಿಲ್ಲಮ್ಮ," ಅಂದ ಕುರಿಮಾಮ.

ಹನ್ನೆರಡು ಸಲ ಕೇಳಿದ್ದರು, ಹನ್ನೆರಡು ಸಲ ಅದೇ ಮಾತು. ಮೊದಲ ಸಲ ನಾಲಿಗೆ ಒಣಗಿತ್ತು. ಈಗ ಮಾತು ತಾನಾಗಿ ಬರುತ್ತಿತ್ತು, ಅದು ಇನ್ನೂ ಹೇಸಿಗೆ. ಈ ಹೆಣ್ಣುಮಗಳು ಹೊಸದಾಗಿ ಬಂದಾಗ ಒಂದು ಸ್ಟೂಲು ಎಳೆದುಕೊಂಡು ಗೂಡಿನ ಮುಂದೆ ಅವನ ಪಕ್ಕ ಕೂತು, ಕುರಿಗೆ ನೋವು ಬಂದದ್ದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದರು. ಹೊಟ್ಟೆ ಇಳಿಯುತ್ತದೆ, ಕಣ್ಣು ದೂರಕ್ಕೆ ಹೋಗುತ್ತದೆ, ಒಂದೇ ಜಾಗವನ್ನು ಕೆರೆಯುತ್ತದೆ ಎಂದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಐವತ್ತಾರು ವರ್ಷದಲ್ಲಿ ಅವನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಮೊಣಕಾಲು ಕೆಟ್ಟಾಗ ಆಫೀಸಿನವರು ಅವನನ್ನು ಬಿಡಿಸಲು ಕಾಗದ ತಯಾರಿಸಿದ್ದರು. ನನಗೆ ಬೇಕಾಗಿರೋದು ಇವರ ಕಾಲಲ್ಲ, ಕಣ್ಣು, ಅಂತ ಡಾಕ್ಟರಮ್ಮ ಆ ಕಾಗದವನ್ನು ವಾಪಸು ಕಳಿಸಿದರಂತೆ. ಅದನ್ನು ಅವರಾಗಿ ಹೇಳಲಿಲ್ಲ, ಗುಮಾಸ್ತ ಹೇಳಿದ. ಅಂಥವರ ಋಣ ಇಟ್ಟುಕೊಂಡು ದಿನಕ್ಕೊಂದು ಸುಳ್ಳು.

ಮರಿಯನ್ನು ಎದೆಗೊತ್ತಿಕೊಂಡು ಅಂಗಳ ದಾಟುವಾಗ ಬಿಸಿಲು ಬಿದ್ದಿತ್ತು. ಹೋದ ವರ್ಷ ಅವತ್ತೂ ಹೀಗೇ ಚಳಿಯ ಬಿಸಿಲು, ರಜೆಯ ದಿನ, ಶೆಡ್ಡಿನಲ್ಲಿ ಅವನೊಬ್ಬನೇ. ಡಾಕ್ಟರಮ್ಮ ಬೆಳಿಗ್ಗೆ ಆರಕ್ಕೆ ಬಂದು ಮೂವತ್ತೊಂದರ ಮರಿ ತೆಗೆಸಿ, ಕೂಗು ಹಿಡಿದು, ಸಂಜೆ ಆರಕ್ಕೆ ಬರುತ್ತೇನೆಂದು ಹೋಗಿದ್ದರು. ಅರ್ಧ ಗಂಟೆಗೊಮ್ಮೆ ಪೆಟ್ಟಿಗೆ ನೋಡುತ್ತಿರಬೇಕು. ಬುತ್ತಿ ಉಂಡು ಗೋಡೆಗೆ ಬೆನ್ನು ಕೊಟ್ಟು ಕೂತದ್ದಷ್ಟೇ ಗೊತ್ತು. ಮೂರು ದಿನದಿಂದ ಸಾಲಾಗಿ ಈಯುತ್ತಿದ್ದವು, ಕಣ್ಣಿಗೆ ನಿದ್ದೆ ಕಂಡಿರಲಿಲ್ಲ ಎಂದು ಈಗ ಹೇಳಬಹುದು, ಹೇಳಿದರೆ ನಿಜವೂ ಹೌದು. ಆದರೆ ಬಿಸಿಲು ಹಿತವಾಗಿತ್ತು ಎಂಬುದೂ ಅಷ್ಟೇ ನಿಜ. ಎದ್ದಾಗ ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಪೆಟ್ಟಿಗೆಯ ಬಲ್ಬು ಸುಟ್ಟುಹೋಗಿ ಎಷ್ಟು ಹೊತ್ತಾಗಿತ್ತೋ, ಮರಿ ಸೆಟೆದುಕೊಂಡಿತ್ತು. ಆಚೆ ಶೆಡ್ಡಿನಲ್ಲಿ ಸ್ಪೀಕರು ಅದರ ದನಿಯಲ್ಲಿ ಕೂಗುತ್ತಲೇ ಇತ್ತು. ಸತ್ತದ್ದು ಕೈಯಲ್ಲಿದೆ, ಕೂಗು ಗೋಡೆಯಾಚೆ ಇದೆ, ತಾಯಿ ಆ ಕೂಗಿಗೆ ಓಗೊಡುತ್ತಿದ್ದಾಳೆ. ಮುಂದಿನದಕ್ಕೆ ಅವನು ಇಳಿದದ್ದು ಕೆಲಸ ಹೋಗುತ್ತದೆ ಎಂಬ ಭಯಕ್ಕೋ ಆ ಓಗೊಡುವ ಸದ್ದಿಗೋ ಇವತ್ತಿಗೂ ಅವನಿಗೆ ತಿಳಿಯದು.

ಆಮೇಲೆ ಮಾಡಿದ್ದೆಲ್ಲ ಕೈ ಮಾಡಿತು. ಈದ ಕುರಿಯ ಮಾಸನ್ನು, ಮರಿಯ ಹಿಂದೆ ಬೀಳುವ ಲೋಳೆಯ ಚೀಲವನ್ನು, ಆಗಿಂದಾಗಲೇ ಸುಡಬೇಕೆಂದು ಇಲ್ಲಿನ ನಿಯಮ; ಅವನು ಮಾತ್ರ ಯಾವತ್ತೂ ಒಂದು ದಿನ ಮುಚ್ಚಳದ ಬಕೆಟ್ಟಿನಲ್ಲಿ ಇಟ್ಟುಕೊಂಡೇ ಸುಡುವವನು. ಅಪ್ಪ ಹಾಗೆ ಮಾಡುತ್ತಿದ್ದ. ಯಾವ ತಾಯಿಯ ಮರಿ ಸಾಯುತ್ತದೋ, ಯಾವ ಮರಿಯ ತಾಯಿ ಸಾಯುತ್ತದೋ, ಇವತ್ತಿನದು ಇವತ್ತೇ ಎಸೆಯಬಾರದು. ತಾಯಿಗೆ ಕಣ್ಣು ಆಮೇಲೆ, ಮೂಗು ಮೊದಲು, ಎನ್ನುತ್ತಿದ್ದ. ಹೊರಗಿನ ಮಂದೆಯಲ್ಲಿ ಒಂದು ಕುರಿ ಅವತ್ತು ಮೂರು ಮರಿ ಹಾಕಿತ್ತು. ಮೂರನೆಯದು ಬಡಕಲು, ತಾಯಿ ಅತ್ತ ನೋಡಿಯೂ ಇರಲಿಲ್ಲ. ಅದನ್ನು ತಂದು ಬಿಸಿನೀರಲ್ಲಿ ತೊಳೆದು ಒರೆಸಿ, ಮೂವತ್ತೊಂದರ ಬಕೆಟ್ಟಿನ ಲೋಳೆಯನ್ನು ತಲೆಯಿಂದ ಬಾಲದ ಬುಡದವರೆಗೆ ಸವರಿ, ತೆಳುವಾಗಿ ಒರೆಸಿ, ಸತ್ತದ್ದರ ಕೊರಳ ಬಿಲ್ಲೆಯನ್ನು ಇದರ ಕೊರಳಿಗೆ ಕಟ್ಟಿದ. ಎರಡೂ ಬಿಳಿ. ಸತ್ತದ್ದನ್ನು ಬೇಲಿಯ ಗುಂಡಿಗೆ ಹಾಕಿ, ಹೊರಗಿನ ಮಂದೆಯ ಪುಸ್ತಕದಲ್ಲಿ ಮೂರನೆಯದು ಸತ್ತು ಹುಟ್ಟಿತೆಂದು ಬರೆದ. ಸಂಜೆ ಆರಕ್ಕೆ ತಾಯಿ ಮೂಸಿತು, ಗಂಟಲಲ್ಲೇ ಗುರುಗುಟ್ಟಿತು, ನೆಕ್ಕಲು ಶುರುಮಾಡಿತು. ಅವನಿಗೆ ನಾಚಿಕೆಯಾಗಲಿಲ್ಲ. ಮೋಸ ಮಾಡಿದೆನೆಂದು ಅನ್ನಿಸಲೇ ಇಲ್ಲ. ಒಂದು ಬರಿದಾದ ಕೆಚ್ಚಲಿಗೆ ಒಂದು ದಿಕ್ಕಿಲ್ಲದ ಬಾಯಿ ಹಚ್ಚಿದೆ ಅನ್ನಿಸಿತು, ಅಪ್ಪನಿದ್ದರೆ ಭೇಷ್ ಅನ್ನುತ್ತಿದ್ದ. ಪಕ್ಕದಲ್ಲಿ ಡಾಕ್ಟರಮ್ಮ ಎರಡೂ ಕೈ ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಆ ಅಳುವನ್ನು ಅವನು ತಪ್ಪಾಗಿ ತಿಳಿದ. ಮರಿ ಬದುಕಿತಲ್ಲ ಎಂದು ಅಳುತ್ತಿದ್ದಾರೆ ಅಂದುಕೊಂಡ.

ಔಷಧಿ ಕೋಣೆಯ ಕಾಂಪೌಂಡರು ಮರಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡು ಒತ್ತಿ ನೋಡಿ, ಸೂಜಿ ಕೊಟ್ಟು, ಇದು ಮಧ್ಯಾಹ್ನದವರೆಗೆ ಎಂದ. ಮಾತು ಬಾಯಲ್ಲಿ ನಿಲ್ಲದ ಮನುಷ್ಯ. ನಮ್ಮತ್ತೆಯನ್ನು ಇಲ್ಲಿ ಕರೆತಂದು ಒಂದು ಗೂಡಲ್ಲಿ ಬಿಟ್ಟರೆ ಡಾಕ್ಟರಮ್ಮನಿಗೆ ಇಷ್ಟು ಕುರಿ ಬೇಕಾಗಿರಲಿಲ್ಲ, ಅಳಿಯನನ್ನು ಹತ್ತು ನಿಮಿಷವಲ್ಲ ಹತ್ತು ವರ್ಷ ಹಾಯ್ದಿದ್ದಾಳೆ, ಅಂದ. ಕುರಿಮಾಮ ನಗಲಿಲ್ಲ. ಕಾಂಪೌಂಡರು ಸೂಜಿ ತೊಳೆಯುತ್ತ, ಇದು ಐದನೆಯದು ಅಲ್ಲವೇ ಸಾಯುವುದು ಎಂದು ಕೇಳಿದ. ಆರನೆಯದು ಎಂದು ಇವನು ತಿದ್ದಿದ. ಮರಿಯ ಬಾಯಿಗೆ ಬೆರಳು ಕೊಟ್ಟ. ಚೀಪುವ ಬಲವಿರಲಿಲ್ಲ, ಆದರೂ ನಾಲಿಗೆ ಬೆರಳನ್ನು ಸುತ್ತಿಕೊಂಡಿತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಗೊತ್ತಿತ್ತು. ಹೋದ ವರ್ಷ ಅವಳಿಗೆ ಹೆಮ್ಮೆಯಿಂದಲೇ ಹೇಳಿದ್ದ, ಅವಳೂ ನಕ್ಕಿದ್ದಳು. ಅಚ್ಚಾದ ಪುಸ್ತಕದ ಕೊನೆಯಲ್ಲಿ, ಸಹಾಯ ಮಾಡಿದವರು ಎಂಬಲ್ಲಿ, ಅವನ ನಿಜ ಹೆಸರು ಬಂದಾಗ ಅಳಿಯ ಅದನ್ನು ಬಂದವರಿಗೆಲ್ಲ ಓದಿ ತೋರಿಸಿದ. ಅವಳು ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಈ ವರ್ಷ ಮೂರನೆಯ ಮರಿ ಸತ್ತ ದಿನ ಅವನಿಗೆ ಅನ್ನ ಬಡಿಸುತ್ತ, ಆ ಹುಡುಗಿ ನಿಮ್ಮನ್ನ ನಂಬಿಕೊಂಡು ನೀರಿಲ್ಲದ ಕಡೆ ಬಾವಿ ತೋಡ್ತಿದಾಳೆ, ನೀವು ದಂಡೆ ಮೇಲೆ ನಿಂತು ಮಣ್ಣು ಹೊರ್ತಿದೀರಿ, ಎಂದಳು. ಕೆಲಸ ಹೋದರೆ ಎಂದು ಅವನು ಅಂದ. ಹೋಗಲಿ ಎಂದಳು. ಹೋಗಲಿ ಎನ್ನುವುದು ಎಷ್ಟು ಸುಲಭ ಎಂದು ಅವನು ರೇಗಿದ. ಆದರೆ ಅವನಿಗೆ ಗೊತ್ತಿತ್ತು, ಕೆಲಸ ಹೋಗುವ ಭಯ ಮೇಲಿನ ಹೊಟ್ಟು, ಕೆಳಗಿನದು ಬೇರೆ. ನಿಮ್ಮ ಕಣ್ಣು ಬೇಕು ಎಂದವರ ಮುಂದೆ ನಿಂತು, ಆ ಕಣ್ಣು ಮುಚ್ಚಿತ್ತು ಎಂದು ಹೇಳಬೇಕಲ್ಲ.

ಹನ್ನೆರಡೂವರೆಗೆ ಮರಿ ಸತ್ತಿತು. ಗುಂಡಿಗೆ ಹಾಕಲು ಎತ್ತಿಕೊಂಡು ಹೊರಟವನು ಬೇಲಿಯ ಕಡೆ ತಿರುಗದೆ ಆಫೀಸಿನ ಮೆಟ್ಟಿಲು ಹತ್ತಿದ. ಮರಿ ಕೈಯಲ್ಲೇ ಇದೆಯೆಂದು ಹೊಳೆದದ್ದು ಬಾಗಿಲಲ್ಲಿ. ಒಳಗೆ ತರುವುದೋ ಹೊರಗೆ ಇಡುವುದೋ ತಿಳಿಯದೆ ಗೊಬ್ಬರ ಮೆತ್ತಿದ ಬೂಟಿನಲ್ಲಿ ಹೊಸ್ತಿಲ ಮೇಲೆ ನಿಂತ. ಡಾಕ್ಟರಮ್ಮ ಯಾರೊಂದಿಗೋ ಫೋನಿನಲ್ಲಿ ಹಳೆಯ ಸ್ಪೀಕರಿನ ವಿಷಯ ಮಾತಾಡುತ್ತಿದ್ದರು. ಕೂತುಕೊಳ್ಳಿ ಎಂದು ಕೈ ತೋರಿಸಿದರು. ಅವನು ಕೂರಲಿಲ್ಲ. ಫೋನು ಇಡುವವರೆಗೆ ಅವನು ಮೇಜಿನ ಕಾಲನ್ನೇ ನೋಡುತ್ತಿದ್ದ.

"ಅಮ್ಮಾ, ಮೂವತ್ತೊಂದರ ಮರಿ ಅದರದ್ದಲ್ಲ," ಎಂದ.

ಅವರಿಗೆ ಅರ್ಥವಾಗಲಿಲ್ಲ. ಅವನು ಬಲ್ಬಿನಿಂದ ಶುರುಮಾಡಿದ, ಅಲ್ಲ, ಅದಕ್ಕೂ ಮೊದಲು ನಿದ್ದೆ ಎಂದು ಹಿಂದಕ್ಕೆ ಹೋದ, ಬಕೆಟ್ಟಿಗೆ ಬಂದ, ಮೂರು ಹಾಕಿದ ಕುರಿಯನ್ನು ಮರೆತಿದ್ದೆ ಎಂದು ಮತ್ತೆ ಹಿಂದೆ ಹೋದ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತದೆಂದು ಕಾಯುತ್ತಿದ್ದ, ಆಗಲಿಲ್ಲ. ಡಾಕ್ಟರಮ್ಮನ ಮುಖ ಕೆಂಪಾಗಲಿಲ್ಲ, ಬಿಳುಪೇರಲಿಲ್ಲ, ಸುಮ್ಮನೆ ಅದಕ್ಕೆ ವಯಸ್ಸಾಯಿತು. ಡ್ರಾಯರು ಎಳೆದು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಇನ್ನೊಂದು ಸಲ, ನಿಧಾನವಾಗಿ, ಮೊದಲಿಂದ ಹೇಳಿ ಎಂದರು. ಅವನು ಹೇಳಿದ. ಅವರು ಬರೆದುಕೊಂಡರು. ಎಷ್ಟು ಗಂಟೆಗೆ ಎದ್ದಿರಿ, ಲೋಳೆ ಎಷ್ಟಿತ್ತು, ಬಿಲ್ಲೆಯ ದಾರ ಬದಲಿಸಿದಿರಾ. ಒಂದೊಂದಕ್ಕೂ ಉತ್ತರ ಕೊಟ್ಟ.

"ಅಂದ್ರೆ ದನಿಯಿಂದ ಅಲ್ಲ," ಎಂದರು ಕೊನೆಗೆ.

"ಅಲ್ಲಮ್ಮ. ಮೂಗಿನಿಂದ."

"ಅದು ಎಲ್ಲರಿಗೂ ಗೊತ್ತಿರೋದೇ ಮಾಮ. ಅಷ್ಟಾದ್ರೆ ನಾನು ಬರೀಬೇಕಾಗಿರಲಿಲ್ಲ." ಪೆನ್ನು ಕೆಳಗಿಟ್ಟರು. "ಹೋದ ವರ್ಷವೇ ಹೇಳಿದ್ರೆ ಈ ಇಪ್ಪತ್ತಾರರ ಪಟ್ಟೀನೇ ಇರ್ತಿರಲಿಲ್ಲ."

ಅವನು ತಲೆಯಾಡಿಸಿದ. ಕೈಯಲ್ಲಿದ್ದದ್ದು ಭಾರವಾಗುತ್ತಿತ್ತು, ಸತ್ತದ್ದು ಹಾಗೇ. ಇನ್ನು ನಿಲ್ಲಿಸಬಹುದಲ್ಲ ಎಂದ. ಉಳಿದ ಹದಿನಾಲ್ಕು ತಾಯಿಗಳಿಗೆ ಅವುಗಳ ಮರಿ ಅವುಗಳ ಹತ್ತಿರವೇ ಇರಲಿ. ನನ್ನನ್ನು ಏನು ಬೇಕಾದರೂ ಮಾಡಿ. ಅದನ್ನೇ ಕೇಳಲು ಬಂದವನು ತಾನು ಎಂದು ಅವನಿಗೆ ಆಗ ತಿಳಿಯಿತು.

ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು. "ಅಚ್ಚಾಗಿರೋದನ್ನ ಬಾಯಿಮಾತಲ್ಲಿ ಅಳಿಸೋಕಾಗಲ್ಲ. ಇಲ್ಲ ಅಂತ ಹೇಳೋಕೂ ಅಷ್ಟೇ ಕುರಿ ಬೇಕು. ಹನ್ನೆರಡಕ್ಕೆ ಯಾರೂ ಒಪ್ಪಲ್ಲ. ಪಟ್ಟಿ ಪೂರ್ತಿ ಆಗ್ಲೇಬೇಕು. ಆಮೇಲೆ ನಾನಿಲ್ಲಿ ಇರ್ತೀನೋ ಇಲ್ವೋ, ಅದು ಬೇರೆ."

"ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ ಹಾಗಾದ್ರೆ. ನನ್ನ ಕೈಲಿ ಆಗಲ್ಲ."

"ಮೊದಲಿಂದ ತೆಗೆದಿರೋದು ನಿಮ್ಮ ಕೈ. ಈಗ ಕೈ ಬದಲಾದ್ರೆ ಹನ್ನೆರಡೂ ವ್ಯರ್ಥ. ಮತ್ತೆ ಒಂದರಿಂದ ಶುರುಮಾಡ್ಬೇಕು."

ಸತ್ತ ಆರು ಮರಿಗಳೂ ವ್ಯರ್ಥ ಎಂಬುದನ್ನು ಅವರು ಹೇಳಲಿಲ್ಲ, ಅವನೇ ಸೇರಿಸಿಕೊಂಡ. ಹೋಗಲು ತಿರುಗಿದವನು ನಿಂತು, ಎರಡು ಮಾತು ಬೈದುಬಿಡಿ ಅಮ್ಮಾ ಎಂದ. ಅಪ್ಪನ ಹತ್ತಿರ, ಹೆಂಡತಿಯ ಹತ್ತಿರ, ಮಂದೆಯ ಯಜಮಾನರ ಹತ್ತಿರ, ಎಲ್ಲ ಕಡೆ ಅವನ ತಪ್ಪುಗಳು ಹಾಗೆಯೇ ತೀರಿದ್ದವು. ಬೈಸಿಕೊಂಡು, ಮುಖ ತೊಳೆದು, ಉಂಡು ಮಲಗುವುದು.

"ಬೈದ್ರೆ ನಿಮಗೆ ಹಗುರ ಆಗುತ್ತೆ," ಎಂದರು ಡಾಕ್ಟರಮ್ಮ. ಕೋಪದಿಂದಲ್ಲ. ಪುಸ್ತಕ ತೆರೆದು ಹಳೆಯ ಪುಟವೊಂದನ್ನು ಹುಡುಕತೊಡಗಿದರು.

ಮರಿಯನ್ನು ಹೂತು, ಕೈ ತೊಳೆದು, ಬುತ್ತಿ ಬಿಚ್ಚಿದ. ಎರಡು ತುತ್ತು ಹೋಯಿತು. ಅಷ್ಟರಲ್ಲಿ ಶೆಡ್ಡಿನ ಕೊನೆಯ ಗೂಡಿನಲ್ಲಿ ಹದಿಮೂರನೆಯದು ಹುಲ್ಲು ಕೆರೆಯುವ ಸದ್ದು ಕೇಳಿಸಿತು. ಚೊಚ್ಚಲು. ಮೊದಲ ಸಲದ ನೋವಿಗೆ ಅದು ತನ್ನ ಹೊಟ್ಟೆಯನ್ನೇ ತಿರುಗಿ ನೋಡುತ್ತಿತ್ತು, ಯಾರೋ ಹಿಂದಿನಿಂದ ತಿವಿಯುತ್ತಿದ್ದಾರೆ ಎಂಬಂತೆ. ಇನ್ನೊಂದು ಗಂಟೆ ಇದೆ ಅಂತ ಅವನ ಕಣ್ಣು ಹೇಳಿತು; ಆ ಗಂಟೆ ಮುಗಿಯುವ ಹೊತ್ತಿಗೆ ಕಾಂಪೌಂಡರು ಪೆಟ್ಟಿಗೆಯ ಬಲ್ಬು ಹಾಕಿ ಕಿಟಕಿಯ ಆಚೆ ಬಂದು ನಿಂತಿದ್ದ, ಗಾಜಿನ ಹಿಂದೆ ಡಾಕ್ಟರಮ್ಮ ಬಂದಿದ್ದರು. ಕಾಂಪೌಂಡರಿಗೂ ಏನೋ ತಿಳಿದಿರಬೇಕು, ಅತ್ತೆಯ ಸುದ್ದಿ ತೆಗೆಯಲಿಲ್ಲ.

ಕುರಿಮಾಮ ಹಿಂದೆ ಮೊಣಕಾಲೂರಿ ಬಟ್ಟೆ ಹರಡಿದ. ಗೊರಸು ಎರಡು, ಅವುಗಳ ಮೇಲೆ ಮೂತಿ, ಆಮೇಲೆ ಒಂದೇ ಜಾರಿಗೆ ಬಿಸಿಯಾಗಿ ಮರಿ ಅವನ ಅಂಗೈಗೆ ಬಂತು. ಮೂಗಿನ ಲೋಳೆ ಒರೆಸಿದ, ಅದು ಉಸಿರೆಳೆದುಕೊಂಡಿತು, ಕೂಗಿತು. ತಾಯಿ ತಿರುಗುವ ಮೊದಲೇ ಬಟ್ಟೆ ಸುತ್ತಿ ಕಿಟಕಿಯಿಂದ ಆಚೆ ಕೊಟ್ಟ. ಇಷ್ಟು ಹಗುರಾಗಿ, ಇಷ್ಟು ಚುರುಕಾಗಿ ಅವನು ಯಾವತ್ತೂ ಮರಿ ತೆಗೆದಿರಲಿಲ್ಲ. ಇನ್ನು ತಪ್ಪಿಗೆ ಜಾಗವಿರಕೂಡದು.

ತಾಯಿ ತಿರುಗಿತು. ಹಿಂದೆ ಏನೂ ಇರಲಿಲ್ಲ. ಗಂಟಲೊಳಗೇ ಒಂದು ಸಣ್ಣ ದನಿ ಹೊರಡಿಸುತ್ತ, ಅಂಥ ದನಿ ಈ ಗಳಿಗೆಯವರೆಗೆ ಅದರಿಂದ ಎಂದೂ ಬಂದಿರಲಿಲ್ಲ, ಹುಲ್ಲಿನ ಒದ್ದೆಯನ್ನು ಮೂಸಿತು, ನೆಕ್ಕಿತು. ಒದ್ದೆ ಮುಗಿದ ಮೇಲೆ ಅವನ ಕಡೆ ಬಂತು. ಅವನ ಎರಡೂ ಕೈ ಮೊಣಕೈವರೆಗೆ ಅದೇ ನೀರಿನಲ್ಲಿ ತೊಯ್ದಿದ್ದವು. ನಾಲಿಗೆ ಒರಟಾಗಿ, ಬೆಚ್ಚಗೆ, ಬಿರಿದ ಬೆರಳ ಸಂದಿಗೆ ತಾಗಿತು. ಮೇಲೆ ಸ್ಪೀಕರು ಕೂಗಲು ಶುರುಮಾಡಿತು. ಕುರಿ ತಲೆ ಎತ್ತಲಿಲ್ಲ. ಅವನ ಕೈಗೇ ಆ ದನಿಯಲ್ಲಿ ಉತ್ತರ ಕೊಡುತ್ತ ಇನ್ನೊಮ್ಮೆ ನೆಕ್ಕಿತು.

ಕುರಿಮಾಮ ಕೈ ಹಿಂದಕ್ಕೆ ತೆಗೆದುಕೊಂಡ. ಎದ್ದು, ಗೂಡಿನ ಅಗುಳಿ ಹಾಕಿ, ತೊಟ್ಟಿಯ ಹತ್ತಿರ ಹೋಗಿ ವಾಸನೆಯಿಲ್ಲದ ಸೋಪನ್ನು ಮೊಣಕೈವರೆಗೆ ಉಜ್ಜಿದ. ಗಾಜಿನ ಆಚೆ ಡಾಕ್ಟರಮ್ಮ ಗಡಿಯಾರ ನೋಡಿ, ಅದು ನೆಕ್ಕಿದ್ದನ್ನೂ ಅವನು ಕೈ ತೆಗೆದದ್ದನ್ನೂ ಬರೆದುಕೊಂಡರು. ಇನ್ನು ಹದಿಮೂರು ಉಳಿದಿದ್ದವು.